ದವಡೆ ಸಡಿಲ ಬಿಡಿ

ಬೆಳಿಗ್ಗೆ ಹನ್ನೊಂದಕ್ಕೆ ಕ್ಲಿನಿಕ್ಕಿನ ಪರದೆಯ ಮೇಲಿನ ವಿಮಾನ ಮೋಡ ದಾಟಿತು. ಆಗ ಹೋಟೆಲ್ ಸರ್ವರ್‌ನ ಕಣ್ಣು ಕಿಟಕಿಯಾಚೆ ಒಣಗುತ್ತಿದ್ದ ಅಂಗಿಗಳ ಮೇಲಿತ್ತು.

ಅವನ ತಲೆಗೆ ಮಿದುಳಿನ ಅಲೆ ಅಳೆಯುವ ತಂತಿಗಳ ಟೊಪ್ಪಿ, ನೆತ್ತಿಗೆ ತಣ್ಣನೆಯ ಜೆಲ್. ಮನಸ್ಸು ಒಂದು ಕಡೆ ನಿಂತರೆ ವಿಮಾನ ಏರುತ್ತದೆ, ಚೆದುರಿದರೆ ಇಳಿಯುತ್ತದೆ. ಹೀಗೆ ಪಳಗಿದ ಮಿದುಳಿನಲ್ಲಿ ಕೇಳಿದ್ದು ಉಳಿಯುತ್ತದೆ ಎಂಬುದು ಕ್ಲಿನಿಕ್ಕಿನವರ ಮಾತು. ಆರು ಜನರ ಆರ್ಡರನ್ನು ಬರೆದುಕೊಳ್ಳದೆ ಒಯ್ಯುತ್ತಿದ್ದವನು ಅವನು. ಈಚೆಗೆ ಅಡುಗೆಮನೆಯ ಬಾಗಿಲು ದಾಟುವಷ್ಟರಲ್ಲಿ ಎರಡು ಕಳೆದುಹೋಗುತ್ತಿದ್ದವು. ಇನ್ನೊಮ್ಮೆ ತಪ್ಪಿದರೆ ಟೇಬಲ್ ಒರೆಸುವ ಕೆಲಸಕ್ಕೆ ಹಾಕುತ್ತೇನೆಂದು ಮಾಲೀಕ ಹೇಳಿಯಾಗಿತ್ತು. ಇಲ್ಲಿಗೆ ಕರೆತಂದವಳು ಹೆಂಡತಿ.

ಹೋಟೆಲಿನಲ್ಲಿ ತಪ್ಪು ನಿಂತಿರಲಿಲ್ಲ, ಇಲ್ಲಿ ವಿಮಾನದ ಆಟದ ಅಂಕ ಮಾತ್ರ ಏರುತ್ತಲೇ ಇತ್ತು. ಅವನ ಅನುಮಾನವೆಲ್ಲ ಅಲ್ಲೇ. "ಮೊಸರಲ್ಲಿ ಕಲ್ಲು ಹುಡುಕೋದು ಬಿಡಿ" ಎಂದು ಹೆಂಡತಿ ಗದರಿದ್ದಳು.

ಈಗಲೂ ಅಂಗಿ ನೋಡುತ್ತಿದ್ದರೂ ವಿಮಾನ ಮೇಲೇ ಇತ್ತು; ತಾನು ಹಲ್ಲು ಬಿಗಿಹಿಡಿದಿರುವುದು ಆಗ ಅವನ ಗಮನಕ್ಕೆ ಬಂತು. ಆರ್ಡರ್ ಹೊತ್ತು ನಡೆಯುವಾಗ ಹಲ್ಲು ಕಚ್ಚಿರಬೇಕು, ಬಾಯಿ ಬಿಟ್ಟರೆ ಹಾರಿಹೋಗುತ್ತದೆ ಎಂದು ಕೆಲಸ ಕಲಿಸಿದ ಹಿರಿಯ ಸರ್ವರ್ ಹೇಳಿಕೊಟ್ಟಿದ್ದ. ದವಡೆ ಸಡಿಲಿಸಿದ. ವಿಮಾನ ಇಳಿಯಿತು. ಕಚ್ಚಿದ. ಏರಿತು.

"ಮೇಡಂ, ನಿಮ್ಮ ವಿಮಾನ ನನ್ನ ತಲೆಯಿಂದ ಹಾರ್ತಿಲ್ಲ, ಹಲ್ಲಿಂದ ಹಾರ್ತಿದೆ," ಎಂದ. "ಯಾರ ಕಿವಿಗೆ ಹೂವಿಡ್ತಿದ್ದೀರಿ?"

ತರಬೇತಿ ಕೊಡುವ ಹುಡುಗಿ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. "ಹೌದು ಸರ್. ದವಡೆ ಬಿಗಿದ್ರೆ ಸ್ನಾಯುವಿನ ಸಿಗ್ನಲ್ ಸೇರ್ಕೊಂಡು ಅಂಕ ಸುಳ್ಳಾಗುತ್ತೆ. ಅದಕ್ಕೇ ಸಡಿಲ ಬಿಡಿ ಅನ್ನೋದು."

"ಯಾವಾಗ ಅಂದ್ರಿ?"

"ದಿನಾ, ಟೊಪ್ಪಿ ಹಾಕೋವಾಗ. ಇವತ್ತೂ ಹೇಳಿದೆ."

"ಸಿಕ್ಕಿಹಾಕ್ಕೊಂಡ ಮೇಲೆ ಎಲ್ಲರೂ ಹೀಗೇ ಹೇಳೋದು." ಅವನು ನಕ್ಕು, ಗೋಡೆ ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಯತ್ತ ನೋಡಿದ. "ಕೇಳಿದ್ಯೇನೇ ಇವರ ಕಥೆ?"

ಅವಳು ನಗಲಿಲ್ಲ. ತೊಡೆಯ ಮೇಲಿನ ಬ್ಯಾಗಿನ ಜಿಪ್ಪನ್ನು ತುಸು ಎಳೆದು, ಮತ್ತೆ ಮುಚ್ಚಿದಳು.

"ಹೇಳಿದ್ರು ಕಣ್ರೀ. ನೀವು ಹೂಂ ಅಂದ್ರಿ."

ಅವನ ಹಲ್ಲು ಮತ್ತೆ ಕಚ್ಚಿಕೊಂಡವು. ಪರದೆಯ ಮೇಲೆ ವಿಮಾನ ನಿಧಾನವಾಗಿ ಏರತೊಡಗಿತು.

ಸಂಜೆ ಹೋಟೆಲಿನ ನಾಲ್ಕನೇ ಟೇಬಲಿಗೆ ಆರು ಜನ ಬಂದು ಕೂತರು. ಅವನು ಕ್ಯಾಷಿಯರ್‌ನಿಂದ ಪೆನ್ನು ಇಸಿದುಕೊಂಡು ಅವರ ಬಳಿ ಹೋದ.