ಎಣ್ಣೆ ಕಮ್ಮಿ, ಮಾತು ಕಮ್ಮಿ

ಒಂದೇ ಮಾತನ್ನು ನೂರು ವಾಚುಗಳ ಬೆನ್ನ ಮೇಲೆ ನೂರು ಸಲ ಕೆತ್ತಿದವಳಿಗೆ ಆ ಮಾತು ಬಾಯಿಪಾಠ ಆಗದೆ ಇನ್ನೇನು? ಏಳು ತಿಂಗಳಿಂದ ಅಂಕಿಯಕ್ಕ ಬಸ್ಸಿನಲ್ಲಿ ಕೂತರೂ ಬಟ್ಟೆ ಹಿಂಡಿದರೂ ಅದನ್ನೇ ಗುನುಗುತ್ತಿದ್ದಳು: ‘ಎಣ್ಣೆ ಕಮ್ಮಿ, ಮಾತು ಕಮ್ಮಿ.’ ಪಕ್ಕದ ಮನೆಯವಳಂತೂ ಇದು ಯಾವುದೋ ಪಥ್ಯವಿರಬೇಕೆಂದು ತಿಳಿದು, ಎಷ್ಟು ತೂಕ ಇಳಿಯಿತು ಎಂದು ಕೇಳಿದ್ದಳು.

ಅಂಕಿಯಕ್ಕ ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಇಪ್ಪತ್ತೆರಡು ವರ್ಷ ಅವಳು ವಾಚುಗಳ ಹಿಂಬದಿಯ ಮುಚ್ಚಳಕ್ಕೆ ಕ್ರಮಸಂಖ್ಯೆ ಕೆತ್ತುತ್ತಾ ಬಂದಿದ್ದಳು. ಸೊನ್ನೆಯಿಂದ ಒಂಬತ್ತರವರೆಗೆ ಅವಳ ಕೈಗೆ ಸಿಗದೆ ತಪ್ಪಿಸಿಕೊಂಡ ಅಂಕಿಯಿಲ್ಲ. ಆದರೆ ಅಕ್ಷರ? ಒಂದೂ ಇಲ್ಲ. ಅಕ್ಷರಗಳನ್ನೆಲ್ಲ ಯಂತ್ರವೇ ಕೊರೆಯುತ್ತಿತ್ತು. ಯಂತ್ರದ ಅಕ್ಷರ ನೋಡಿದಾಗಲೆಲ್ಲ ಅವಳು ಮೂಗು ಮುರಿಯುತ್ತಿದ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ, ಜೀವವೂ ಇರಲಿಲ್ಲ.

ಹೀಗಿರುವಾಗ ಸಂಸ್ಥೆಗೆ ನೂರು ವರ್ಷ ತುಂಬಿತು. ಅದನ್ನು ಕಟ್ಟಿದ ಮೂಲಪುರುಷರು ಅಡುಗೆಮನೆಯ ಮೇಜಿನ ಮೇಲೆ ಕೂತು ಮಾಡಿದ ಮೊಟ್ಟಮೊದಲ ವಾಚು ಇವತ್ತಿಗೂ ಕಾರ್ಖಾನೆಯ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಅದೇ ಅಚ್ಚಿನಲ್ಲಿ ನೂರು ಚಿನ್ನದ ವಾಚು ಮಾಡಿಸಬೇಕು, ಬೆನ್ನ ಮೇಲಿನ ಅಕ್ಷರವನ್ನು ಕೈಯಿಂದಲೇ ಕೆತ್ತಿಸಬೇಕು ಎಂದು ಅವರ ಮೊಮ್ಮಗಳು, ಈಗಿನ ಯಜಮಾನಿ, ತೀರ್ಮಾನಿಸಿದರು. ತಾವೇ ಮೆಟ್ಟಿಲಿಳಿದು ಬಂದು ಅಂಕಿಯಕ್ಕನ ಮೇಜಿನ ಎದುರು ನಿಂತು, “ಇದು ನಿಮ್ಮ ಕೈಯಲ್ಲೇ ಆಗ್ಬೇಕು” ಎಂದರು. ಅಂಕಿಯಕ್ಕ ಆ ದಿನ ಮನೆಗೆ ಬಸ್ಸಿನಲ್ಲಿ ಹೋದಳೋ ಹಾರಿಕೊಂಡು ಹೋದಳೋ ಅವಳಿಗೇ ನೆನಪಿಲ್ಲ.

ಇನ್ನು ಆ ಮಾತು ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. ಪ್ರಚಾರ ವಿಭಾಗದ ಮುಖ್ಯಸ್ಥನನ್ನು ಕಾರ್ಖಾನೆಯವರೆಲ್ಲ ಹಿಂದಿನಿಂದ ‘ವರ್ಣನೆ’ ಎಂದು ಕರೆಯುತ್ತಿದ್ದರು. ವಾಚಿನ ಪಟ್ಟಿಯ ಕೊಕ್ಕೆಯೊಂದರ ಮೇಲೆ ಒಂದೂವರೆ ಪುಟ ಬರೆಯಬಲ್ಲ ಮನುಷ್ಯ. ನೂರು ವರ್ಷದ ನೆಪದಲ್ಲಿ ಆತ ಗಾಜಿನ ಪೆಟ್ಟಿಗೆಯಿಂದ ಹಳೆಯ ವಾಚನ್ನು ತೆಗೆಸಿ ಬೆನ್ನು ಬಿಚ್ಚಿಸಿದ. ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಹಾಗೆ ಸಣ್ಣಗೆ ಈ ಮಾತು ಕಂಡಿತು. ಹಸಿದವನಿಗೆ ಊಟ ಸಿಕ್ಕಂತಾಯಿತು. ‘ಮೂಲಪುರುಷರ ಜೀವನಸೂತ್ರ’ ಎಂಬ ತಲೆಬರಹ ಕೊಟ್ಟು, ಎಣ್ಣೆ ಕಮ್ಮಿ ಎಂದರೆ ಮಿತವ್ಯಯ, ಮಾತು ಕಮ್ಮಿ ಎಂದರೆ ವಿನಯ ಎಂದು ಶುರುಮಾಡಿ ಎಳೆದೂ ಎಳೆದೂ ಸಂಸ್ಥೆಯ ಇತಿಹಾಸದ ಪುಸ್ತಕಕ್ಕೆ ಒಂಬತ್ತು ಪುಟ ಬರೆದ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ತೀಡಿ ಚೆಂದದ ನಕ್ಷೆ ಮಾಡಿಸಿ ಅಂಕಿಯಕ್ಕನಿಗೆ ಕಳಿಸಿದ. ಒಳಗೆ ಅಡಗಿದ್ದ ಮಾತು ಹೊಸ ವಾಚುಗಳಲ್ಲಿ ಹೊರಗೆ ಬಂತು.

ಬಿಡುಗಡೆಗೆ ಐದು ದಿನವಿದೆ ಎನ್ನುವಾಗ ನೂರನೆಯ ವಾಚು ಮುಗಿಯಿತು. ಅದೇ ದಿನ ಸಂಸ್ಥೆಯ ಇತಿಹಾಸದ ಪುಸ್ತಕವೂ ಅಚ್ಚಾಗಿ ಬಂತು. ಕೆಲಸದವರಿಗೆಲ್ಲ ಒಂದೊಂದು ಪ್ರತಿ. ಅಂಕಿಯಕ್ಕ ಅದನ್ನು ಬಿಚ್ಚಿಯೂ ನೋಡದೆ ಮನೆಗೆ ತಂದು ಅಪ್ಪನ ತೊಡೆಯ ಮೇಲಿಟ್ಟಳು.

ಅಪ್ಪನಿಗೆ ಎಂಬತ್ತನಾಲ್ಕು. ಅರವತ್ತು ವರ್ಷ ಅವನು ಮಾರುಕಟ್ಟೆ ಬೀದಿಯ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ವಾಚು ರಿಪೇರಿ ಅಂಗಡಿ ಇಟ್ಟಿದ್ದ. ಅಂಗಡಿ ಎನ್ನುವುದು ದೊಡ್ಡ ಮಾತು. ಅವನು ಒಳಗೆ ಕೂತರೆ ಗಿರಾಕಿ ಹೊರಗೆ ನಿಲ್ಲಬೇಕಿತ್ತು. ಏಳು ವರ್ಷದ ಹಿಂದೆ ಕೈ ನಡುಗಲು ಶುರುವಾಗಿ ಚಿಮಟ ಕೆಳಗಿಟ್ಟ. ಆಮೇಲೆ ವಾಚಿನ ಸುದ್ದಿ ಎತ್ತಿದವನೇ ಅಲ್ಲ. ಒಮ್ಮೆ ಮಗಳು ಒತ್ತಾಯ ಮಾಡಿದಾಗ, “ರಿಪೇರಿಯವನದು ಏನು ಉಳಿಯುತ್ತೆ ಮಗಳೇ? ಕೆಲಸ ಚೆನ್ನಾಗಿ ಮಾಡಿದ್ರೆ ಮಾಡಿದ್ದೇ ಕಾಣ್ಸಲ್ಲ” ಎಂದಿದ್ದ. ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಅಪ್ಪ ಹಳೆಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಪುಟ ತಿರುವುತ್ತಾ ಹೋದ. ಅಂಕಿಯಕ್ಕ ಒಳಗೆ ಕಾಫಿಗೆ ನೀರಿಟ್ಟಿದ್ದಳು. ಹೊರಗಿನಿಂದ ವಿಚಿತ್ರ ಸದ್ದು ಕೇಳಿ ಓಡಿ ಬಂದರೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ.

“ಇದನ್ನ ಯಾರು ಬರೆದಿದ್ದು ಅಂತ ಹಾಕಿದಾರೆ?” ಎಂದು ಒಂಬತ್ತನೆಯ ಪುಟದ ಫೋಟೊ ತೋರಿಸಿದ. ಹಳೆಯ ಮುಚ್ಚಳದ ಒಳಮೈ, ತಿದ್ದದ ಮೂಲ ಗೀಚು, ತಲೆಬರಹದ ಕೆಳಗೆ ಪುಟದ ತುಂಬಾ.

“ಮೂಲಪುರುಷರು.”

“ಮೂಲಪುರುಷ ನಾನೇ ಕಣೇ!”

ಅಂಕಿಯಕ್ಕ ಪುಸ್ತಕ ಕಿತ್ತುಕೊಂಡು ನೋಡಿದಳು. ಅಪ್ಪ ಒತ್ತಕ್ಷರವನ್ನು ಯಾವಾಗಲೂ ಒಂದು ಗೇಣು ಕೆಳಗೆ ಇಳಿಬಿಡುತ್ತಿದ್ದ. ಇಲ್ಲೂ ‘ಣ್ಣೆ’ಯ ಒತ್ತು ಕಳಚಿ ಬೀಳುವ ಹಾಗೆ ನೇತಾಡುತ್ತಿತ್ತು. ಅವಳು ಧೊಪ್ಪೆಂದು ಪಕ್ಕದ ಕುರ್ಚಿಯಲ್ಲಿ ಕೂತಳು.

ಸಂಗತಿ ಇಷ್ಟೇ. ವಾಚು ರಿಪೇರಿ ಮಾಡುವವರು ಮುಚ್ಚಳದ ಒಳಗೆ ಸೂಜಿಯಲ್ಲಿ ತಾರೀಕು, ಜೊತೆಗೊಂದು ಗುರುತು ಗೀಚಿಕೊಳ್ಳುತ್ತಾರೆ. ಅದೇ ವಾಚು ಮತ್ತೆ ಬಂದರೆ ಹಿಂದೆ ಏನು ಮಾಡಿದ್ದೆ ಎಂದು ತಿಳಿಯಬೇಕಲ್ಲ. ಗಿರಾಕಿಗೆ ಅದು ಎಂದೂ ಕಾಣುವುದಿಲ್ಲ. ಹೊಸ ವಾಚು ಮಾಡುವವರಿಗೂ ಅದರ ಗೊಡವೆಯಿಲ್ಲ.

“ಐವತ್ತು ವರ್ಷದ ಹಿಂದಿನ ಮಾತು. ನೀನು ಗುನುಗಿದಾಗ್ಲೂ ನೆನಪಾಗ್ಲಿಲ್ಲ, ಅಕ್ಷರ ನೋಡಿದ ಮೇಲೇ ಹೊಳೀತು. ಆ ವಾಚಿಗೆ ಎಣ್ಣೆ ಒಂದು ಚೂರು ಜಾಸ್ತಿಯಾದ್ರೂ ಮುನಿಸಿಕೊಂಡು ನಿಂತುಬಿಡ್ತಿತ್ತು” ಎಂದ ಅಪ್ಪ. “ಗಿರಾಕಿನೋ, ಅಬ್ಬಬ್ಬಾ, ಮಾತು ಶುರುಮಾಡಿದ್ರೆ ಮುಗೀತು. ಹ್ಯಾಟು ಕಣ್ಣಿನವರೆಗೂ ಎಳ್ಕೊಂಡು ಬರೋರು. ಹೆಸರು ಕೇಳಿದ್ರೆ ‘ಗಿರಾಕಿ ಅಂತ ಬರ್ಕೊಳ್ಳಪ್ಪ’ ಅನ್ನೋರು. ನಾಲ್ಕು ಸಲ ಬಂದಿದ್ರು. ಪಕ್ಕದಲ್ಲಿ ನಾಲ್ಕು ತಾರೀಕೂ ಇರಬೇಕು, ಫೋಟೊದಲ್ಲಿ ಕತ್ತರಿಸಿದಾರೆ.”

ಅಂಕಿಯಕ್ಕ ಪುಟ ತಿರುಗಿಸಿದಳು. ಮುಂದಿನ ಪುಟದಲ್ಲಿ ಮೂಲಪುರುಷರು ಹ್ಯಾಟು ತೊಡೆಯ ಮೇಲಿಟ್ಟುಕೊಂಡು ಗಂಭೀರವಾಗಿ ಕೂತಿದ್ದರು.

“ಅರೆ! ಇವರೇ!” ಎಂದ ಅಪ್ಪ.

ಇಬ್ಬರೂ ಮುಖ ಮುಖ ನೋಡಿಕೊಂಡು ಮತ್ತೆ ನಕ್ಕರು. ಸಾವಿರಾರು ವಾಚು ಮಾಡಿದ ಧಣಿ, ತನ್ನ ವಾಚೇ ನಿಂತುಹೋಯಿತು ಎಂದು ತನ್ನ ಕಾರ್ಖಾನೆಯಲ್ಲಿ ಹೇಳಲು ನಾಚಿ, ವೇಷ ಮರೆಸಿಕೊಂಡು ಮೆಟ್ಟಿಲ ಕೆಳಗಿನ ಅಂಗಡಿಗೆ ಬಂದಿದ್ದರು! ನಕ್ಕು ನಕ್ಕು ಸುಸ್ತಾದ ಮೇಲೆ ಅಪ್ಪನ ಮುಖ ಇಳಿಯಿತು.

“ಇದನ್ನ ಅಲ್ಲಿ ಬಾಯಿ ಬಿಡ್ಬೇಡ. ನೂರನ್ನೂ ಉಜ್ಜಿ ಹಾಕ್ತಾರೆ.”

ನಿಜವೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪಾಲಿಶ್ ಮಾಡುವ ಚಕ್ರಕ್ಕೆ ಒಂದು ಮುಚ್ಚಳ ಹಿಡಿದರೆ ಅವಳ ಅಕ್ಷರ ಮಾಯವಾಗಲು ಅರ್ಧ ನಿಮಿಷ ಸಾಕು. ಆಮೇಲೆ ಅವಳು ಮತ್ತೆ ಅಂಕಿಗೆ. ಸುಮ್ಮನಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಅಪ್ಪನೂ ಬೇಡ ಎನ್ನುತ್ತಿದ್ದಾನೆ. ಆದರೆ ಐದು ದಿನದ ಮೇಲೆ ಯಜಮಾನಿ ವೇದಿಕೆ ಹತ್ತಿ ‘ಇದು ನನ್ನ ತಾತನ ಮಾತು’ ಎನ್ನುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ತಾನೂ ತಟ್ಟಬೇಕು. ತನ್ನ ಜೀವಮಾನದಲ್ಲಿ ಕೆತ್ತಿದ ಮೊದಲ ಅಕ್ಷರ, ಅದೂ ಅಪ್ಪನ ಅಕ್ಷರ, ಬೇರೆಯವರ ಹೆಸರಿನಲ್ಲಿ!

ಬೆಳಿಗ್ಗೆ ಅವಳು ತನ್ನ ಮೇಜಿಗೆ ಹೋಗದೆ ನೇರ ಮೇಲಿನ ಮಹಡಿಗೆ ಹೋದಳು. ಯಜಮಾನಿ ಭಾಷಣದ ಹಾಳೆ ಹಿಡಿದಿದ್ದರು. ವರ್ಣನೆ ಪಕ್ಕದಲ್ಲಿ ನಿಂತು ಎಲ್ಲೆಲ್ಲಿ ತಡೆದು ಮಾತಾಡಬೇಕು ಎಂದು ಹೇಳಿಕೊಡುತ್ತಿದ್ದ. ಅಂಕಿಯಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದಳು.

ವರ್ಣನೆಯ ಬಣ್ಣವೇ ಬದಲಾಯಿತು. “ಮೇಡಂ, ಅವರ ತಂದೆಯವರಿಗೆ ವಯಸ್ಸಾಗಿದೆ. ಪಾಪ, ಏನೋ ನೆನಪಿನ ಗೊಂದಲ...”

“ನೆನಪಿನ ಮಾತು ಬಿಡಿ ಸಾರ್. ಮುಚ್ಚಳ ತೆಗೀರಿ. ಪಕ್ಕದಲ್ಲಿ ನಾಲ್ಕು ತಾರೀಕು ಇಲ್ದಿದ್ರೆ ನಾನು ಇವತ್ತೇ ಮನೆಗೆ ಹೋಗ್ತೀನಿ.”

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಮುಚ್ಚಳ ತೆಗೆದರು, ತಾರೀಕುಗಳು ಸಾಲಾಗಿ ಕೂತಿದ್ದವು. “ಅದನ್ನ ನಾವು ಗೀರು ಅಂದ್ಕೊಂಡಿದ್ವಿ” ಎಂದು ವರ್ಣನೆ ತನ್ನ ಜೀವಮಾನದ ಅತಿ ಚಿಕ್ಕ ವಾಕ್ಯ ಹೇಳಿದ.

ಯಜಮಾನಿ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದರು. “ಮೊದಲೆರಡು ತಾರೀಕಿನ ಜೊತೆ ಏನೇನೋ ಬರೆದಿದೆ. ಕೊನೆಯ ಎರಡರ ಮುಂದೆ ಬರೀ ಒಂದೊಂದು ಗೀಟು. ಅದೇನು?”

“ನಂಗೊತ್ತಿಲ್ಲ ಮೇಡಂ. ಅಪ್ಪನ್ನೇ ಕೇಳ್ಬೇಕು.”

“ಹಾಗಾದ್ರೆ ನಡೀರಿ” ಎಂದು ಯಜಮಾನಿ ಎದ್ದೇಬಿಟ್ಟರು. ವರ್ಣನೆಯೂ ಹಿಂದೆ ಓಡಿದ.

ಮನೆಯ ಮುಂದೆ ಕಾರು ನಿಂತದ್ದು ನೋಡಿ ಅಪ್ಪ ಅವಸರದಲ್ಲಿ ಅಂಗಿಯ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದ. ಯಜಮಾನಿ ನಮಸ್ಕಾರ ಮಾಡಿ, ಎದುರಿನ ಸ್ಟೂಲಿನ ಮೇಲೆ ಕೂತು, ವಾಚನ್ನು ಅವನ ಕೈಗಿಟ್ಟರು. ಆ ಕೈ ನಡುಗುತ್ತಿತ್ತು. ವಾಚು ಬಂದು ಕೂತ ಮೇಲೆ ಕೊಂಚ ಕಡಿಮೆಯಾದ ಹಾಗೆ ಅಂಕಿಯಕ್ಕನಿಗೆ ಕಂಡಿತು. ಕಂಡಿದ್ದು ನಿಜವೋ, ಮಗಳ ಕಣ್ಣೋ, ಯಾರಿಗೆ ಗೊತ್ತು.

“ಈ ಗೀಟು ಏನು, ಯಜಮಾನರೇ?”

“ಏನೂ ಕೆಟ್ಟಿಲ್ಲ ಅಂತ ತಾಯಿ. ಬಿಚ್ಚಿ ನೋಡ್ದೆ, ಸರಿಯಾಗಿತ್ತು, ಮುಚ್ಚಿ ಕೊಟ್ಟೆ.”

“ಕೆಟ್ಟಿಲ್ಲದ ವಾಚು ಯಾಕೆ ತಂದ್ರು?”

“ಮಾತಾಡೋಕೆ” ಎಂದ ಅಪ್ಪ, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ. “ನಿಂತೇ ಮಾತಾಡೋರು. ಕೂರೋಕೆ ಜಾಗ ಎಲ್ಲಿತ್ತು?”

ಯಜಮಾನಿ ತಲೆ ತಗ್ಗಿಸಿದರು. “ಅಜ್ಜಿ ಹೋದ ವರ್ಷ ಅದು. ತಾತ ಮಾತು ಶುರುಮಾಡಿದ್ರೆ ಸಾಕು, ಮನೆಯಲ್ಲಿ ಒಬ್ಬೊಬ್ಬರೇ ಎದ್ದು ಹೋಗ್ತಿದ್ವಿ. ನಾನು ಹನ್ನೆರಡು ವರ್ಷದವಳು, ನಾನೂ ಎದ್ದು ಹೋಗ್ತಿದ್ದೆ. ಅಂಥ ತಾತ ‘ಮಾತು ಕಮ್ಮಿ’ ಅಂತ ಬರೆದರಂತೆ ಅಂದಾಗ ನನಗೆ ನಂಬಿಕೆನೇ ಬಂದಿರ್ಲಿಲ್ಲ.” ಆಮೇಲೆ ಕೇಳಿದರು, “ನಿಮಗೂ ಅಷ್ಟು ಬೇಜಾರಾಗಿತ್ತಾ? ಅದಕ್ಕೇ ಹಾಗೆ ಬರೆದ್ರಾ?”

“ಅಯ್ಯೋ, ಬಿಡ್ತು ಅನ್ನಿ! ಅವರಿಗಲ್ಲ ಬರೆದಿದ್ದು, ನನಗೆ. ಅವರು ಕತೆ ಹೇಳಿದ್ರೆ ನಾನು ಚಿಮಟ ಕೆಳಗಿಟ್ಟು ಬಾಯಿ ಬಿಟ್ಕೊಂಡು ಕೇಳ್ತಿದ್ದೆ. ಮಧ್ಯೆ ಮಧ್ಯೆ ಪ್ರಶ್ನೆ ಬೇರೆ. ಕೆಲಸ ಹಾಗೇ ನಿಲ್ಲೋದು. ‘ಮುಂದಿನ ಸಲ ಬಂದಾಗ ಮಾತು ಕಮ್ಮಿ ಮಾಡೋ ಮಂಕೇ’ ಅಂತ ನನಗೆ ನಾನೇ ಬುದ್ಧಿ ಹೇಳ್ಕೊಂಡಿದ್ದು.”

“ಏನು ಹೇಳ್ತಿದ್ರು?”

“ಮೊಮ್ಮಗಳ ಸುದ್ದಿನೇ ಜಾಸ್ತಿ. ಮನೇಲಿರೋ ಗಡಿಯಾರ ಎಲ್ಲ ಬಿಚ್ಚಿ ಹಾಕ್ತಾಳೆ, ಒಂದನ್ನೂ ತಿರುಗಿ ಜೋಡಿಸಲ್ಲ, ಇರೋದನ್ನೆಲ್ಲ ಅವಳಿಗೇ ಬಿಟ್ಟು ಹೋಗ್ತೀನಿ ಅಂತ.”

ಯಜಮಾನಿ ಜೋರಾಗಿ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಅಂಕಿಯಕ್ಕನಿಗೆ ಇನ್ನು ತಡೆಯಲಾಗಲಿಲ್ಲ.

“ಮೇಡಂ, ನೂರು ಮುಚ್ಚಳ?”

“ಏನು ಮುಚ್ಚಳ?”

“ಉಜ್ಜಿ ಹಾಕೋದಾದ್ರೆ ನಾನೇ ಉಜ್ತೀನಿ. ಬೇರೆಯವರ ಕೈಗೆ ಕೊಡ್ಬೇಡಿ.”

“ಒಂದು ಒತ್ತು ಅಳಿಸಿದ್ರೂ ನೋಡಿ ಮತ್ತೆ!” ಎಂದರು ಯಜಮಾನಿ. ಅಂಕಿಯಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಏಳು ತಿಂಗಳ ಭಾರ ಒಟ್ಟಿಗೇ ಇಳಿದರೆ ಮನುಷ್ಯರಿಗೆ ಹಿಡಿದುಕೊಳ್ಳಲು ಏನಾದರೂ ಬೇಕಾಗುತ್ತದೆ.

“ಮೇಡಂ, ಪುಸ್ತಕ?” ಎಂದ ವರ್ಣನೆ ಸಣ್ಣ ದನಿಯಲ್ಲಿ. “ಐನೂರು ಪ್ರತಿ ಅಚ್ಚಾಗಿದೆ.”

“ಒಪ್ಪೋಲೆ ಅಂಟಿಸಿ, ತಪ್ಪು ತಿದ್ದೋ ಚೀಟಿ. ಬರ್ಕೊಳ್ಳಿ, ಹೇಳ್ತೀನಿ.”

ಇಷ್ಟು ದಿನ ಎಲ್ಲರಿಗೂ ಮಾತು ಬರೆದುಕೊಟ್ಟ ಮನುಷ್ಯ ಈಗ ಜೇಬಿನಿಂದ ಪೆನ್ನು ತೆಗೆದು ವಿಧೇಯನಾಗಿ ನಿಂತ. ಯಜಮಾನಿ ಒಂದೊಂದೇ ಪದ ಬಿಡಿಸಿ ಹೇಳಿದರು: ‘ಒಂಬತ್ತನೆಯ ಪುಟದ ಮೊದಲ ಸಾಲಿನಲ್ಲಿ “ಮೂಲಪುರುಷರ ಜೀವನಸೂತ್ರ” ಎಂದಿರುವುದನ್ನು “ಮೂಲಪುರುಷರ ಗೆಳೆಯರು ತಮಗೆ ತಾವೇ ಹೇಳಿಕೊಂಡ ಬುದ್ಧಿಮಾತು” ಎಂದು ಓದಿಕೊಳ್ಳಬೇಕು.’

“ಆಮೇಲಿನ ಒಂಬತ್ತು ಪುಟ?”

“ಅದನ್ನ ಯಾರೂ ಓದಲ್ಲ, ಇರ್ಲಿ.”

ಅಪ್ಪ ಕೈಯಲ್ಲಿದ್ದ ವಾಚನ್ನು ಹೊರಳಿಸಿ ನೋಡುತ್ತಿದ್ದವನು ತಲೆಯೆತ್ತಿದ. ಅವನಿಗೆ ಏನೋ ಸರಿಬಂದಿರಲಿಲ್ಲ.

“ಗೆಳೆಯ ಅಂತ ಹಾಕ್ಬೇಡಿ ತಾಯಿ. ಸುಳ್ಳಾಗುತ್ತೆ. ನಾನು ರಿಪೇರಿಯವನು. ಅವರ ಹೆಸರೂ ನಂಗೆ ಗೊತ್ತಿರ್ಲಿಲ್ಲ.”

“ಹೆಸರು ಗೊತ್ತಿದ್ದ ನಾವು ಯಾರೂ ಕೂತು ಕೇಳ್ಲಿಲ್ಲವಲ್ಲ” ಎಂದರು ಯಜಮಾನಿ.

ಅಪ್ಪ ಮಗಳ ಕಡೆ ತಿರುಗಿ, ಆ ಸಾಲನ್ನು ಇನ್ನೊಂದು ಸಲ ಓದಿ ಹೇಳು ಎಂದ. ಅವಳು ವರ್ಣನೆಯ ಹಾಳೆ ಇಸಿದುಕೊಂಡು ಓದಿದಳು, ‘ಗೆಳೆಯರು’ ಎಂಬುದನ್ನು ಎರಡು ಸಲ.

“ಹಾಗಾದ್ರೆ ಇರ್ಲಿ” ಎಂದ ಅಪ್ಪ.