ರಕ್ತದಲ್ಲಿ ಏನೂ ಇಲ್ಲ

"ಗುಳಿಗೆ ನಿಲ್ಲಿಸಿಬಿಟ್ಟೀವ್ರಿ" ಎಂದು ಪುಷ್ಪಾ ಹೇಳಿದಾಗ ಶಾಂತಲಾ ನಗುತ್ತಿದ್ದಳು.

ನಗು ಅದಕ್ಕಲ್ಲ. ಪುಷ್ಪಾಳ ಅತ್ತೆ ಲಕ್ಷ್ಮಕ್ಕ ಆಗಷ್ಟೇ, "ಸೊಳ್ಳೆಗಳಾದ್ರೂ ಕೇಳ್ದೆ ರಕ್ತ ಕುಡೀತಾವೆ ಕಣವ್ವ, ನೀನು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕಂಡು ಕುಡೀತೀಯ" ಎಂದಿದ್ದಳು. ಆ ನಗು ಮುಖದ ಮೇಲೆ ಹಾಗೇ ಉಳಿಯಿತು. ತೆಗೆಯಲು ತುಸು ಹೊತ್ತು ಹಿಡಿಯಿತು.

"ಯಾವ ಗುಳಿಗೆ?"

"ಲಕ್ಷ್ಮಿದೇವಿದು, ಫಿಟ್ಸಿಂದು. ನೀವೇ ಅಂದ್ರಲ್ಲ ಮೇಡಂ, ರಕ್ತದಾಗೆ ಏನೂ ಇಲ್ಲ ಅಂತ."

ಅಂದಿದ್ದಳು. ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ, ನ್ಯಾಮತಿ ಬಸ್ಸಿಗೆ ಜನ ನುಗ್ಗುತ್ತಿದ್ದಾಗ. ಮಗಳು ಲಕ್ಷ್ಮಿದೇವಿಯ ರಿಪೋರ್ಟು ಏನಾಯಿತೆಂದು ಪುಷ್ಪಾ ಫೋನಿನಲ್ಲಿ ಕೇಳಿದ್ದಳು. ರಿಪೋರ್ಟು ಎಂಬುದೇ ಇರಲಿಲ್ಲ. ಮಕ್ಕಳ ಮೂರ್ಛೆರೋಗದ ಸುಳಿವು ರಕ್ತದಲ್ಲಿ ಸಿಗುತ್ತದೆಯೇ ಎಂದು ಹುಡುಕುವ ಸಂಶೋಧನೆ ಅದು. ನೂರಾರು ಮಕ್ಕಳ ರಕ್ತ ತೆಗೆದು ಕೆಲವು ಪ್ರೋಟೀನುಗಳನ್ನು ಅಳೆಯುತ್ತಾರೆ. ಆ ಅಳತೆಯಿಂದ ಯಾವೊಂದು ಮಗುವಿಗೂ ಸದ್ಯಕ್ಕೆ ಏನನ್ನೂ ಹೇಳಲಾಗದು. ಇದನ್ನೆಲ್ಲ ಬಸ್ಸಿನ ಮೆಟ್ಟಿಲ ಮೇಲೆ ನಿಂತು ವಿವರಿಸುವುದು ಹೇಗೆ? "ಏನೂ ಇಲ್ಲ ರಕ್ತದಲ್ಲಿ" ಎಂದು ಸೀಟು ಹಿಡಿದಿದ್ದಳು.

ಹೇಳುವಂಥದ್ದೇನೂ ಇಲ್ಲ ಎಂಬ ಅರ್ಥದಲ್ಲಿ. ಪುಷ್ಪಾಳ ಊರು ಸೊಕ್ಕೆಯಲ್ಲಿ ಆ ಮಾತಿಗೆ ಆ ಅರ್ಥವಿಲ್ಲ. ಇಲ್ಲಿ ಕಾಮಾಲೆ, ಟೈಫಾಯ್ಡ್, ಸಕ್ಕರೆ ಎಲ್ಲ ರಕ್ತದಲ್ಲಿ ಬರುತ್ತವೆ, ರಕ್ತದಿಂದ ಹೋಗುತ್ತವೆ. ರಕ್ತದಲ್ಲಿ ಇಲ್ಲವೆಂದರೆ ಮೈಯಲ್ಲಿ ಇಲ್ಲ. ಎಂ.ಎಸ್ಸಿ. ಓದಿದ್ದರೂ ಶಾಂತಲಾ ಚನ್ನಗಿರಿಯ ಹುಡುಗಿ, ಅವಳಿಗೆ ಇದು ತಿಳಿಯದ್ದೇನಲ್ಲ.

"ಆಮೇಲೆ ಫಿಟ್ಸ್ ಬರಲಿಲ್ವಾ?"

"ಒಂದ್ಸಲನೂ ಇಲ್ರಿ. ಮೊದ್ಲು ಸಂಪಿನ ಹತ್ರನೇ ಬಿಡ್ತಿರ್ಲಿಲ್ಲ. ಈಗ ನೋಡ್ರಿ, ತಾನೇ ನೀರು ಸೇದ್ತಾಳೆ."

ಅಂಗಳದಲ್ಲಿ ಲಕ್ಷ್ಮಿದೇವಿ ಸಂಪಿನ ಬಾಯಿಗೆ ಬಗ್ಗಿ ಹಗ್ಗ ಕಟ್ಟಿದ ಬಿಂದಿಗೆ ಇಳಿಬಿಡುತ್ತಿದ್ದಳು. ನಾಲ್ಕನೇ ಕ್ಲಾಸಿನ ಹುಡುಗಿ. ಜಡೆ ಕತ್ತಿನ ಮೇಲಿಂದ ಜಾರಿ ಸಂಪಿನೊಳಗೆ ತೂಗುತ್ತಿತ್ತು.

"ಅವಳನ್ನ ಒಳಗೆ ಕರೀರಿ."

"ಯಾಕ್ರಿ?"

"ಬಿಸಿಲು" ಎಂದಳು ಶಾಂತಲಾ.

ಮನೆಯ ಹಿಂದಕ್ಕೆ ಹೋಗಿ ತನ್ನ ಸಂಶೋಧನೆಯ ಗೈಡ್‌ಗೆ ಫೋನ್ ಮಾಡಿದಳು.

"ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ ಸರ್."

"ನಾವು ಹೇಳಿದ್ವಾ?"

"ಇಲ್ಲ ಸರ್."

ಆ ಕಡೆ ಕಾಗದ ತಿರುವಿದ ಸದ್ದು ಕೇಳಿಸಿತು.

"ಹಾಗಾದ್ರೆ ಫಿಟ್ಸ್ ಬರಬಹುದು."

"ಬರಬಹುದು ಸರ್."

"ಫಿಟ್ಸ್ ಆದ ತಕ್ಷಣದ ಸ್ಯಾಂಪಲ್ ಸಿಗೋದು ಎಷ್ಟು ಕಷ್ಟ, ನಿನಗೆ ಗೊತ್ತಲ್ಲ."

"ಗೊತ್ತು ಸರ್."

"ಮಾತ್ರೆ ಶುರು ಮಾಡೋಕೆ ಹೇಳು. ಹೇಳಲೇಬೇಕು. ಸಂಜೆವರೆಗೂ ಅಲ್ಲೇ ಇರ್ತೀಯಾ?"

"ಇರಬಹುದು ಸರ್."

"ಹೊರಡುವಾಗ ಹೇಳಿದರೂ ಆಯ್ತು."

ಫೋನ್ ಇಟ್ಟ ಮೇಲೆ ಅವರ ಮಾತಿನಲ್ಲಿ ತಪ್ಪು ಎಲ್ಲಿದೆಯೆಂದು ಹುಡುಕಿದಳು. ಒಂದೊಂದೇ ವಾಕ್ಯ ತೆಗೆದು ನೋಡಿದರೆ ಎಲ್ಲವೂ ಸರಿಯಾಗಿತ್ತು.

ಊಟಕ್ಕೆ ಶಾವಿಗೆ ಪಾಯಸ ಮಾಡಿದ್ದರು. "ಹುಡುಗಿ ರಕ್ತ ಚೊಕ್ಕ ಆತಲ್ಲ, ಬಾಯಿ ಸಿಹಿ ಮಾಡ್ಕಳ್ಳವ್ವ" ಎಂದು ಲಕ್ಷ್ಮಕ್ಕ ಬಡಿಸಿದಳು. ಶಾಂತಲಾ ಮತ್ತೊಂದು ಸಲ ಹಾಕಿಸಿಕೊಂಡಳು. ಹೊತ್ತು ಕಳೆಯಬೇಕಿತ್ತು.

ಫಿಟ್ಸ್ ಬರುವ ಮುಂಚೆ ಹುಡುಗಿ ತುಟಿ ಚಪ್ಪರಿಸುತ್ತಾಳೆಂದು ಪುಷ್ಪಾ ಹಿಂದೆ ಹೇಳಿದ್ದಳು. ಎದುರಿಗೆ ಕೂತ ಲಕ್ಷ್ಮಿದೇವಿ ತುಟಿ ಚಪ್ಪರಿಸಿದಳು. ಶಾಂತಲಾಳ ಕೈ ತಾನೇ ತಾನಾಗಿ ಪಕ್ಕದಲ್ಲಿದ್ದ ಸೂಜಿ, ಟ್ಯೂಬುಗಳ ಚೀಲಕ್ಕೆ ಹೋಯಿತು. ಹುಡುಗಿ ಬೆರಳು ನೆಕ್ಕಿ, "ಅವ್ವಾ, ಇನ್ನೊಂದೀಟು" ಎಂದಳು.

ಪಾಯಸ ಅಷ್ಟೇ.

ಎದೆಯೊಳಗೆ ಏನೋ ಕುಸಿದಂತಾಯಿತು. ಸಮಾಧಾನವಿರಬೇಕು ಎಂದುಕೊಂಡಳು. ತಟ್ಟೆ ತೊಳೆಯಲು ಎದ್ದಾಗ ಗೊತ್ತಾಯಿತು, ಅದು ನಿರಾಸೆ.

ಕಾರಿನ ಡ್ರೈವರ್ ದುರುಗಣ್ಣ ಬಾಗಿಲಿಗೆ ಬಂದ. "ಹೊರಡಾಣೇನ್ರಿ ಮೇಡಂ? ಬಿಳಿಚೋಡಿಗೆ ಬೇರೆ ಹೋಗಾಕೈತೆ."

"ಇನ್ನು ಸ್ವಲ್ಪ ಇರಿ."

"ರಕ್ತ ತಗಂಡ್ರೇನು?"

"ಇಲ್ಲ."

"ಮತ್ತೆ ಎದಕ್ಕೆ ಕಾಯ್ತಾ ಇದೀವ್ರಿ?"

ಶಾಂತಲಾ ವಾಚು ನೋಡಿಕೊಂಡಳು. ದುರುಗಣ್ಣ ಹುಡುಗಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಕಾರಿನ ಕಡೆ ಹೋದ.

ಈಗ ಹೇಳಿಬಿಡಬೇಕು. ಪುಷ್ಪಾ, ನಾನು ತಪ್ಪು ಹೇಳಿದೆ, ಈಗಲೇ ಗುಳಿಗೆ ಕೊಡಿ. ವಾಕ್ಯ ಸಿದ್ಧವಾಗಿತ್ತು. ಪುಷ್ಪಾ ಮೊರದಲ್ಲಿ ಶೇಂಗಾ ತಂದು ಅತ್ತೆಯ ಮುಂದಿಟ್ಟಳು. ಅವರು ಸುಲಿಯುವುದು ಮುಗಿಯಲಿ ಎಂದುಕೊಂಡಳು ಶಾಂತಲಾ. ಮೊರ ದೊಡ್ಡದಿತ್ತು. ಲಕ್ಷ್ಮಿದೇವಿಯ ಜೊತೆ ತಾನೂ ಕೂತು ಸುಲಿದಳು. ಹುಡುಗಿಯ ರೆಪ್ಪೆ, ಬೆರಳು, ಕತ್ತು. ಇಷ್ಟು ಗಮನವಿಟ್ಟು ಅವಳು ಯಾರನ್ನೂ ನೋಡಿರಲಿಲ್ಲ. ಪ್ರೀತಿಸುವವರು ಹೀಗೆ ನೋಡುತ್ತಾರೆ ಎಂದು ಒಮ್ಮೆ ಅನಿಸಿತು.

ಲಕ್ಷ್ಮಿದೇವಿಯ ಬೆರಳಿನಿಂದ ಕಾಯಿ ಜಾರಿತು.

ಆಮೇಲೆ ಎಲ್ಲ ಬೇಗ ನಡೆಯಿತು. ಹುಡುಗಿ ಸೆಟೆದು ಬಿದ್ದಳು, ಮೊರ ಮಗುಚಿತು. ಲಕ್ಷ್ಮಕ್ಕ "ಕಬ್ಣ, ಕಬ್ಣ!" ಎಂದು ಕೂಗುತ್ತ ಸೊಂಟದ ಬೀಗದಕೈ ಗೊಂಚಲು ಕಿತ್ತು ಮೊಮ್ಮಗಳ ಮುಷ್ಟಿಗೆ ತುರುಕಿದಳು. ಶಾಂತಲಾ ಹುಡುಗಿಯನ್ನು ಪಕ್ಕಕ್ಕೆ ಹೊರಳಿಸಿದಳು, ತಲೆಗೆ ತನ್ನ ದುಪಟ್ಟ ಮಡಚಿಟ್ಟಳು. ಕಲಿತದ್ದನ್ನೆಲ್ಲ ಮಾಡಿದಳು. ಸೆಟೆತ ನಿಂತು ಉಸಿರು ಹದಕ್ಕೆ ಬಂತು. ಹೊರಳಿಸಿದ್ದರಿಂದ ಬಲತೋಳು ಮೇಲೆ ಬಂದಿತ್ತು. ನರ ಚೆನ್ನಾಗಿ ಕಾಣುತ್ತಿತ್ತು.

ಚೀಲದಿಂದ ಸೂಜಿ ತೆಗೆಯುವಾಗ ತಾಯಿಯ ಮುಖ ನೋಡಲಿಲ್ಲ. ಪುಷ್ಪಾ ಬೈಯಬೇಕಿತ್ತು. ಕೈ ತಳ್ಳಬೇಕಿತ್ತು.

ಪುಷ್ಪಾ ಮಗಳ ಮುಷ್ಟಿ ಬಿಡಿಸಿ, ಬೀಗದಕೈ ಗೊಂಚಲು ಎತ್ತಿ ಎಸೆದು, ತೋಳನ್ನು ನೇರ ಮಾಡಿ ಹಿಡಿದಳು.

"ಬೇಗ ತೆಗೀರಿ ಮೇಡಂ. ಅದು ಈಗ ರಕ್ತದಾಗೆ ಬಂದಿರ್ತೈತೆ."

ಸಂಶೋಧನೆಯ ಊಹೆಯೂ ಅದೇ ಆಗಿತ್ತು.

ಟ್ಯೂಬು ತುಂಬಿತು. "ಇಷ್ಟೇ ಏನ್ರಿ? ಇನ್ನೊಂದು ಶೀಷೆ ತೆಗೀರಿ, ಎಲ್ಲ ಹೋಗ್ಲಿ" ಎಂದಳು ಪುಷ್ಪಾ. ಅವಳ ಕಣ್ಣಲ್ಲಿ ನೀರಿತ್ತು, ಕೃತಜ್ಞತೆಯೂ ಇತ್ತು.

"ಸಾಕು." ಶಾಂತಲಾ ಸೂಜಿ ತೆಗೆದು ಹತ್ತಿ ಒತ್ತಿದಳು. "ಪುಷ್ಪಾ, ಗುಳಿಗೆ ಮತ್ತೆ ಶುರು ಮಾಡಬೇಕು. ಇವತ್ತೇ."

"ಎದಕ್ರಿ? ಈಗ ತೆಗೆದ್ರಲ್ಲ."

"ಆದ್ರೂ ಕೊಡಬೇಕು."

"ಇದ್ರಾಗೆ ಏನೈತೆ ಅಂತ ನೋಡಿ ಫೋನ್ ಮಾಡ್ರಿ. ಐತೆ ಅಂದ್ರೆ ಕೊಡ್ತೀನಿ. ಹೋದ್ಸಲನೂ ನಿಮ್ ಮಾತೇ ಕೇಳಿದ್ದು ನಾವು."

ಹೋದ ಸಲದ ಮಾತು ಸುಳ್ಳು ಎನ್ನಬೇಕು, ಅಷ್ಟೇ. ಪುಷ್ಪಾ ಮಗಳ ಬೆವರು ಒರೆಸುತ್ತ ಕಾಯುತ್ತಿದ್ದಳು.

"ಫೋನ್ ಮಾಡ್ತೀನಿ" ಎಂದಳು ಶಾಂತಲಾ.

ಹೊರಗೆ ಬಂದು ಕಾರಿನಲ್ಲಿ ಕೂತು ರಕ್ತದ ಟ್ಯೂಬಿದ್ದ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೂಗು ಕೇಳಿ ಕೇರಿಯವರೆಲ್ಲ ನೆರೆದಿದ್ದರು. ಮೇಡಮ್ಮ ಕೆಟ್ಟ ರಕ್ತ ತೆಗೆದರಂತೆ, ಹುಡುಗಿ ಕಣ್ಣು ಬಿಟ್ಟಳಂತೆ ಎಂಬ ಮಾತು ಆಗಲೇ ಕೊನೆಯ ಮನೆ ಮುಟ್ಟಿತ್ತು. ಹೆಂಗಸೊಬ್ಬಳು ಮಗನನ್ನು ಕಾರಿನತ್ತ ನೂಕಿದಳು. "ಇವನ್ದೂ ಒಂದೀಟು ತೆಗೀರಿ ಮೇಡಂ, ಓದಿದ್ದು ತಲೆಗೇ ಹತ್ತಲ್ಲ." ಅವಳ ಹಿಂದೆ ಇನ್ನೊಬ್ಬಳು. "ನಮ್ಮವಳಿಗೆ ಬರೇ ಜ್ವರ ಕಣ್ರಿ."

ದುರುಗಣ್ಣ ಹಾರ್ನ್ ಹೊಡೆದ. ಯಾರೂ ಸರಿಯಲಿಲ್ಲ. ತೆರೆದ ಕಿಟಕಿಯೊಳಗೆ ಒಂದರ ಮೇಲೊಂದು ಪುಟ್ಟ ತೋಳುಗಳು ಬಂದವು. ಅಂಗಿ ಭುಜದವರೆಗೆ ಮಡಚಿದ, ಮುಷ್ಟಿ ಬಿಗಿದ, ಮೊಣಕೈಯ ಒಳಮೈ ಮೇಲೆ ಮಾಡಿದ ತೋಳುಗಳು.

ಬೇಡ, ಬೇಡ ಎನ್ನುತ್ತಿದ್ದಳು ಶಾಂತಲಾ. ಅವಳ ಹೆಬ್ಬೆರಳು ಎಲ್ಲಕ್ಕಿಂತ ಹತ್ತಿರದ ತೋಳನ್ನು ಒತ್ತಿ ಒತ್ತಿ ನರ ಹುಡುಕುತ್ತಿತ್ತು.