ಮೇಲಿಂದ ಹುಯ್ದ ನೀರು

“ಕೆರೆ ನೀರೆಲ್ಲ ಕುಡ್ಕಂಡ್ ಬಂದಿದೀಯೇನೇ ಮುಂಡೆ? ಮೈ ಬಾತ್ಕಂಡೈತೆ ನೋಡು.”

ಡಯಾಲಿಸಿಸ್ ಮಿಷನ್ನಿನ ಗುಂಡಿ ಒತ್ತುತ್ತಲೇ ಟೆಕ್ನಿಷಿಯನ್ ಚಲಪತಿ ಬೈದ. ಮುನಿತಾಯಮ್ಮ ನೀರು ಕುಡಿದದ್ದು ನಿಜ. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಬಾಯ್ಲರ್ ಪಕ್ಕ ಕಸ ಗುಡಿಸುವವಳು ನಾಲಿಗೆಯನ್ನು ಎಷ್ಟು ಹೊತ್ತು ಕಟ್ಟಿಹಾಕಿಯಾಳು? ಉಚ್ಚೆ ನಿಂತುಹೋಗಿ ಎಷ್ಟೋ ಕಾಲವಾಯಿತು. ಕುಡಿದದ್ದೆಲ್ಲ ಮೈಯಲ್ಲೇ ನಿಂತು ಎದೆ ಅದುಮುತ್ತದೆ. ಮಿಷನ್ನು ಎಳೆದರೇ ಹೊರಗೆ.

ಎಳೆಯುವುದಕ್ಕೂ ಒಂದು ರೀತಿಯಿದೆ. “ನಿನ್ನ ಹಾರ್ಟು ಸೋತೈತಮ್ಮ, ನೀರು ನಿಧಾನಕ್ಕೆ ತೆಗೀಬೇಕು,” ಅಂತ ಎದೆ ಸ್ಕ್ಯಾನ್ ಮಾಡಿದ ಡಾಕ್ಟ್ರು ಹೇಳಿದ್ದರು. ಪಕ್ಕದ ಮಂಚದ ವರಲಕ್ಷ್ಮಮ್ಮನಿಗೂ ಹಾಗೇ ಹೇಳಿದ್ದರಂತೆ. ಅವಸರದಲ್ಲಿ ಎಳೆದರು, ಮಂಚದಲ್ಲೇ ಅವಳ ಎದೆ ನಿಂತಿತು. ಕಿಡ್ನಿ ಕಾಯಿಲೆ, ಹೋದಳು ಅಂದರು. ಥೂ, ಅವರ ಬಾಯಿಗೆ ಮಣ್ಣು ಬೀಳ.

ಇವತ್ತೂ ಅವಸರವೇ. ಬೂದಿಗೆರೆಯ ಸೊಣ್ಣಪ್ಪಗೌಡರು ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದರು. ಗೌಡರ ಹೊಲದಲ್ಲೇ ಕಳೆ ಕಿತ್ತು ಬೆಳೆದವಳು ಮುನಿತಾಯಮ್ಮ. ಈಗ ಇಬ್ಬರದೂ ಒಂದೇ ರೋಗ, ಒಂದೇ ಮಿಷನ್ನು. ಸರದಿ ಮಾತ್ರ ಅವಳದು ಮೊದಲು.

“ಅವ್ಳನ್ನ ಬೇಗ ಎಬ್ಸೋ ಚಲಪತಿ. ಮಂಚಕ್ಕೆ ಡೆಟಾಲ್ ಹಾಕಿ ಒರ್ಸು. ಕೇರಿಯೋರು ಮಲ್ಗಿದ್ದು.”

“ಆಯ್ತು ಗೌಡ್ರೆ, ಸ್ಪೀಡ್ ಜಾಸ್ತಿ ಮಾಡ್ತೀನಿ.”

ಅವಳ ಮೀನಖಂಡ ಸೆಟೆಯಿತು. ಕಣ್ಣಿಗೆ ಕತ್ತಲೆ ಬಂತು. ಎದೆ ಡವಡವ ಹೊಡೆದು, ಒಮ್ಮೆ ತಪ್ಪಿ, ಮತ್ತೆ ಹೊಡೆಯಿತು. ಭಯವಾಯಿತು ಅವಳಿಗೆ, ಸಾಯುವ ಭಯ.

“ನಿಧಾನ ಮಾಡೋ.”

“ಬಾಯ್ಮುಚ್ಕಂಡ್ ಮಲಗು.”

ಅವಳು ಬಲಗೈಯಿಂದ ಎಡಗೈಯ ಸೂಜಿ ಹಿಡಿದಳು. ಪ್ಲಾಸ್ಟರು ಅರ್ಧ ಕಿತ್ತಳು. ಒಂದು ಹನಿ ರಕ್ತ ನೆಲಕ್ಕೆ ಬಿತ್ತು.

“ಕಿತ್ತಾಕ್ತೀನಿ ಕಣೋ. ನಿನ್ ಗೌಡನ ಬಿಳೀ ಪಂಚೆ ಮೇಲೆಲ್ಲ ನನ್ ರಕ್ತ ಚಿಮ್ತದೆ. ಆಮೇಲೆ ಅದ್ಯಾವ ಡೆಟಾಲ್ ಹಾಕ್ತೀಯೋ ಹಾಕು ಬೋಳಿಮಗನೆ.”

ಗೌಡರು ಸರಕ್ಕನೆ ಹಿಂದೆ ಸರಿದರು. ಚಲಪತಿ ಸ್ಪೀಡ್ ಇಳಿಸಿದ.

ಗೌಡರಿಗೆ ನಿಲ್ಲಲಾಗಲಿಲ್ಲ. ಬಾಗಿಲಾಚೆಯ ಬೆಂಚಿನ ಮೇಲೆ ಕುಸಿದು ಎದೆ ನೀವಿಕೊಂಡರು. “ಉಸ್ರು ಕಟ್ತಾ ಐತೆ ಕಣಮ್ಮ,” ಅಂದರು. ಅವಳನ್ನು ಅಮ್ಮ ಅಂದದ್ದು ಜನ್ಮದಲ್ಲಿ ಇದೇ ಮೊದಲು.

“ನಿಮ್ ಮನೆ ಮುಂದೆ ಬೊಗಸೆ ಒಡ್ಕಂಡು ಎಷ್ಟ್ ಕಾದಿಲ್ಲ ನಾನು,” ಅಂದಳು ಮುನಿತಾಯಮ್ಮ. “ನಿಮ್ಮೋರು ಬಂದು ಮೇಲಿಂದ ನೀರು ಹುಯ್ಯೋಗಂಟ. ನೀವೂ ಒಸಿ ಕಾಯ್ರಿ ಗೌಡ್ರೆ.”

ಸೂಜಿಯ ಮೇಲಿನ ಕೈ ತೆಗೆಯಲಿಲ್ಲ. ಅವಳ ಎದೆ ಇನ್ನೂ ತಪ್ಪಿ ತಪ್ಪಿ ಹೊಡೆಯುತ್ತಿತ್ತು. ಬೆಂಚಿನ ಕಡೆಯಿಂದ ಗೌಡರ ಗೊರಗೊರ ಉಸಿರು ಕೇಳುತ್ತಿತ್ತು.